ಮದ್ದಿನ ಲಕೋಟೆಯ ಭಾಷೆ ನಿಯಂತ್ರಣ ವಿಜ್ಞಾನದ ಸ್ಪರ್ಧೆಗೆ ವಿಷಯವಾದೀತೇ?

ಪ್ರಶ್ನೆ: ಪೆರ್ಲದ ವಿದ್ಯಾರ್ಥಿನಿ

ನಾನು ಮಂಗಳೂರಿನಲ್ಲಿ ಬಿ.ಫಾರ್ಮ್ ಮೂರನೆಯ ವರ್ಷದಲ್ಲಿ ಓದುತ್ತಿದ್ದೇನೆ. ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ. ಔಷಧ, ವೈದ್ಯಕೀಯ ಉಪಕರಣ ಮತ್ತು ಆಹಾರ ಸುರಕ್ಷತೆಯ ನಿಯಂತ್ರಣಕ್ಕೆ ಸಂಬಂಧಿಸಿದ, ಅಂದರೆ ನಿಯಂತ್ರಣ ವಿಜ್ಞಾನದ, ಹೊಸ ಯೋಚನೆಗಳಿಗಾಗಿ ನಮ್ಮ ಕಾಲೇಜಿನಲ್ಲಿ ಈ ಸಲ ಒಂದು ಸ್ಪರ್ಧೆಯನ್ನು ಏರ್ಪಡಿಸಿದ್ದಾರೆ. ಮೂವರ ತಂಡ, ಮೂರು ಪುಟದ ಟಿಪ್ಪಣಿ, ಹತ್ತು ನಿಮಿಷದ ಮಂಡನೆ. ಅಮೆರಿಕದ ಮೇರಿಲ್ಯಾಂಡ್ ಮತ್ತು ರಾಚೆಸ್ಟರ್ ವಿಶ್ವವಿದ್ಯಾಲಯಗಳು ಅಲ್ಲಿನ ಆಹಾರ ಮತ್ತು ಔಷಧ ಆಡಳಿತದ, ಅಂದರೆ ಎಫ್‌ಡಿಎಯ, ಆದ್ಯತಾ ಕ್ಷೇತ್ರಗಳನ್ನು ಎದುರಿಗಿಟ್ಟು ವಿದ್ಯಾರ್ಥಿಗಳಿಗಾಗಿ ನಡೆಸಿದ ಸ್ಪರ್ಧೆಯೇ ಇದಕ್ಕೆ ಮಾದರಿಯೆಂದು ಅಧ್ಯಾಪಕರು ಹೇಳಿದರು. ಎಫ್‌ಡಿಎ 2011ರಲ್ಲಿ ಪ್ರಕಟಿಸಿದ ಯೋಜನೆಯಲ್ಲಿ ಇಂತಹ ಎಂಟು ಕ್ಷೇತ್ರಗಳಿದ್ದವು. ವಿಷಶಾಸ್ತ್ರದ ಪರೀಕ್ಷೆಗಳನ್ನು ಆಧುನಿಕಗೊಳಿಸುವುದು, ತಯಾರಿಕೆಯ ಗುಣಮಟ್ಟ, ಕೆಡುವ ಮೊದಲೇ ತಡೆಯುವ ಆಹಾರ ಸುರಕ್ಷತೆ ಮುಂತಾದವುಗಳ ಕೊನೆಯಲ್ಲಿ ಒಂದು ಕ್ಷೇತ್ರ ಹೀಗಿದೆ: ಬಳಸುವವನು ತಿಳಿದು ನಿರ್ಧರಿಸುವಂತಾಗಲು ಸಾಮಾಜಿಕ ಹಾಗೂ ವರ್ತನಾ ವಿಜ್ಞಾನವನ್ನು ಬಲಪಡಿಸುವುದು. ನನ್ನ ಮನಸ್ಸು ಇದರ ಮೇಲೆ ನಿಂತಿದೆ, ಮತ್ತು ಅದಕ್ಕೆ ಕಾರಣ ನನ್ನ ಅಜ್ಜಿ.

ಅಜ್ಜಿಯ ಮನೆಮಾತು ತುಳು, ಓದುವುದು ಕನ್ನಡ, ಮಲಯಾಳವೆಂದರೆ ಬಸ್ಸಿನ ಬೋರ್ಡನ್ನು ಗುರುತಿಸುವಷ್ಟು. ಎರಡು ವರ್ಷದ ಹಿಂದೆ ಒಂದು ಆಸ್ಪತ್ರೆಯಲ್ಲಿ ಥೈರಾಯ್ಡಿನ ಗುಳಿಗೆ ಕೊಟ್ಟವರು ಲಕೋಟೆಯ ಮೇಲೆ ಮಲಯಾಳದಲ್ಲಿ ಬರೆದು, ಬಾಯಿಯಲ್ಲೂ ‘ರಾವಿಲೆ’ ಎಂದು ಹೇಳಿ ಕಳುಹಿಸಿದರು. ಮಲಯಾಳದಲ್ಲಿ ರಾವಿಲೆ ಎಂದರೆ ಬೆಳಗ್ಗೆ. ಅಜ್ಜಿಯ ಕಿವಿಗೆ ಅದು ರಾತ್ರಿಯೆಂದು ಬಿತ್ತು. ಆ ಗುಳಿಗೆ, ಲೆವೊಥೈರಾಕ್ಸಿನ್, ಖಾಲಿ ಹೊಟ್ಟೆಯಲ್ಲಿ ನುಂಗಬೇಕಾದ ಮದ್ದು. ಅವರು ಅದನ್ನು ಐದು ತಿಂಗಳು ರಾತ್ರಿ ಕುಚ್ಚಲಕ್ಕಿ ಅನ್ನ ಉಂಡ ಮೇಲೆ ನುಂಗಿದರು. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡಿನ ಕೆಲಸ ಸಾಲದಿದ್ದಾಗ ಏರುವ ಹಾರ್ಮೋನು) ಇಳಿಯಲಿಲ್ಲವೆಂದು ಪ್ರಮಾಣವನ್ನು 50 ಮೈಕ್ರೋಗ್ರಾಮಿನಿಂದ 75ಕ್ಕೆ ಏರಿಸಿದರು. ನಾನು ರಜೆಯಲ್ಲಿ ಮನೆಗೆ ಬಂದಾಗ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಆ ಲಕೋಟೆ ಕಂಡು ಕೇಳಿದ್ದರಿಂದ ವಿಷಯ ಹೊರಬಿತ್ತು.

ತಂಡದ ಉಳಿದ ಇಬ್ಬರಿಗೆ ಈ ವಿಷಯ ಸಣ್ಣದೆನಿಸುತ್ತದೆ. ಒಬ್ಬರಿಗೆ ಕಲಬೆರಕೆಯನ್ನು ಮೊಬೈಲಿನಲ್ಲಿ ಹಿಡಿಯುವ ತಂತ್ರಾಂಶ ಬೇಕು. ಇನ್ನೊಬ್ಬರಿಗೆ ಗೋಳಿಬಜೆ ಕರಿದ ಎಣ್ಣೆಯ ಪರೀಕ್ಷೆ ಬೇಕು, ಏಕೆಂದರೆ ಆಹಾರ ಸುರಕ್ಷತಾ ಪ್ರಾಧಿಕಾರವು ಕರಿದ ಎಣ್ಣೆಯಲ್ಲಿನ ಧ್ರುವೀಯ ಸಂಯುಕ್ತಗಳಿಗೆ (ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಷ್ಟೂ ಹೆಚ್ಚುವ ವಸ್ತುಗಳಿಗೆ) 2018ರ ಜುಲೈಯಿಂದ ಶೇಕಡ 25ರ ಮಿತಿ ಹಾಕಿದ್ದರೂ ಅದನ್ನು ಅಳೆಯುವ ಉಪಕರಣ ಬಜೆ ಅಂಗಡಿಯವನ ಕೈಗೆ ಎಟಕುವಂಥದ್ದಲ್ಲ. ಅದೂ ಒಳ್ಳೆಯ ವಿಷಯವೇ. ಆದರೆ ಭಾಷೆಯ ಮಾತೆತ್ತಿದರೆ ತೀರ್ಪುಗಾರರು ಅದನ್ನು ಕಾಸರಗೋಡಿನವರ ಹಳೆಯ ಅಹವಾಲೆಂದು ಬದಿಗೆ ಸರಿಸಿಯಾರೇ ಎಂಬ ಅಳುಕು ನನಗಿದೆ. ಇದನ್ನು ನಿಯಂತ್ರಣ ವಿಜ್ಞಾನದ ಪ್ರಶ್ನೆಯನ್ನಾಗಿ ರೂಪಿಸುವುದು ಹೇಗೆಂದು ಅನುಭವವಿದ್ದವರು ತಿಳಿಸಬೇಕಾಗಿ ವಿನಂತಿ.


ಉತ್ತರ 1: ಬದಿಯಡ್ಕದ ಮದ್ದಿನಂಗಡಿ

ಇಪ್ಪತ್ತೆರಡು ವರ್ಷಗಳಿಂದ ಮದ್ದಿನಂಗಡಿಯಲ್ಲಿ ನಿಂತವನ ಮಾತೆಂದು ಇದನ್ನು ಓದಿ. ನಿಮ್ಮ ವಿಷಯ ಸಣ್ಣದಲ್ಲ. ಆದರೆ ‘ಕನ್ನಡದಲ್ಲಿ ಬರೆಯಬೇಕು’ ಎಂಬಲ್ಲಿಂದ ಹೊರಟರೆ ನೀವು ಹೆದರಿದಂತೆಯೇ ಆಗುತ್ತದೆ. ‘ಬರೆದದ್ದು ತಲುಪಿತೇ’ ಎಂಬಲ್ಲಿಂದ ಹೊರಡಿ.

ಒಂದು ಉದಾಹರಣೆ ಕೊಡುತ್ತೇನೆ. ವೈದ್ಯರ ಚೀಟಿಯಿಲ್ಲದೆ ಆಂಟಿಬಯೋಟಿಕ್ ನುಂಗಬಾರದೆಂದು ತಿಳಿಸುವ ಕೆಂಪು ಗೆರೆ ಗುಳಿಗೆಯ ಪಟ್ಟಿಗಳ (ಸ್ಟ್ರಿಪ್ಪುಗಳ) ಮೇಲಿರುತ್ತದೆ. ಅದರ ಬಗ್ಗೆ ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಪ್ರಚಾರವನ್ನೂ ಮಾಡಿತು. ಅದಕ್ಕೆ ಭಾಷೆಯ ಹಂಗಿಲ್ಲ, ಓದು ಬಾರದವನಿಗೂ ಗೆರೆ ಕಾಣುತ್ತದೆ. ಆದರೂ ಈ ಗೆರೆ ಯಾಕೆಂದು ನನ್ನಲ್ಲಿ ಕೇಳಿದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಇನ್ನೊಂದೆಡೆ ಬಿಸ್ಕತ್ತಿನ ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನೋಡಿ. ನಮ್ಮ ಊರಿನಲ್ಲಿ ಅಕ್ಷರ ಗೊತ್ತಿಲ್ಲದ ಹೆಂಗಸರೂ ಚುಕ್ಕೆಯನ್ನು ತಿರುಗಿಸಿ ನೋಡಿಯೇ ಪೊಟ್ಟಣವನ್ನು ಚೀಲಕ್ಕೆ ಹಾಕುತ್ತಾರೆ. ಎರಡೂ ಗುರುತುಗಳೇ, ಎರಡಕ್ಕೂ ಕಾನೂನಿನ ಬಲವಿದೆ. ವ್ಯತ್ಯಾಸ ನನಗೆ ತೋರುವುದು ಇಷ್ಟು: ಹಸಿರು ಚುಕ್ಕೆಯು ಕೊಳ್ಳುವವರ ಮನಸ್ಸಿನಲ್ಲಿ ಮೊದಲೇ ಇದ್ದ ಪ್ರಶ್ನೆಗೆ ಉತ್ತರ ಕೊಡುತ್ತದೆ, ಕೆಂಪು ಗೆರೆಯು ಯಾರೂ ಕೇಳದ ಪ್ರಶ್ನೆಗೆ ಉತ್ತರ ಹೇಳುತ್ತದೆ. ಮದ್ದು ಹಿಡಿದು ಮನೆಗೆ ಹೋಗುವವನು ಕೇಳುವ ಪ್ರಶ್ನೆಗಳು ಮೂರೇ. ಯಾವಾಗ, ಎಷ್ಟು, ಊಟಕ್ಕೆ ಮೊದಲೋ ಆಮೇಲೋ. ಆ ಮೂರಕ್ಕೆ ಕಾರ್ಖಾನೆಯಿಂದ ಬಂದ ಪಟ್ಟಿಯಲ್ಲಿ ಉತ್ತರವಿಲ್ಲ. ನಾನು ಪೆನ್ನಿನಲ್ಲಿ ಗೀಚುವ ಲಕೋಟೆಯಲ್ಲಿ ಮಾತ್ರ ಇದೆ.

ಆ ಗೀಚುವಿಕೆಯ ಕಥೆಯನ್ನೂ ಕೇಳಿ. ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎನ್ನಲು ‘1-0-1’ ಎಂದು ಬರೆಯುವುದು ನಮ್ಮ ಕಸುಬಿನ ರೂಢಿ. ಅದನ್ನು ನೂರೊಂದೆಂದು ಓದಿ, ಇಷ್ಟು ಗುಳಿಗೆ ಇದರಲ್ಲಿಲ್ಲವಲ್ಲ ಎಂದು ಮರಳಿ ಬಂದ ಹಿರಿಯರನ್ನು ನಾನು ಕಂಡಿದ್ದೇನೆ. ಅದು ನಗುವ ಮಾತು. ನಗಲಾರದ್ದು ಮೆಥೊಟ್ರೆಕ್ಸೇಟ್. ಸಂಧಿವಾತಕ್ಕೆ ಅದನ್ನು ವಾರಕ್ಕೊಮ್ಮೆ ಕೊಡುತ್ತಾರೆ. ಉಳಿದ ಗುಳಿಗೆಗಳ ಜೊತೆಗೆ ದಿನವೂ ನುಂಗಿದರೆ ಬಾಯಿಹುಣ್ಣಿನಿಂದ ಆರಂಭವಾಗಿ ರಕ್ತಕಣಗಳೇ ಕುಸಿಯುತ್ತವೆ, ಪ್ರಾಣವೂ ಹೋಗಬಹುದು. ಲೋಕದಾದ್ಯಂತ ಔಷಧ ಸುರಕ್ಷತೆಯವರು ಎಚ್ಚರಿಸುತ್ತ ಬಂದ ತಪ್ಪು ಇದು. ನಾನು ಆ ಪಟ್ಟಿಯನ್ನು ಬೇರೆಯೇ ಲಕೋಟೆಗೆ ಹಾಕಿ, ‘ಬುಧವಾರ ಮಾತ್ರ’ ಎಂದು ಕನ್ನಡದಲ್ಲೂ ಮಲಯಾಳದಲ್ಲೂ ಬರೆದು, ಕೊಳ್ಳುವವರ ಬಾಯಿಯಿಂದಲೇ ಒಮ್ಮೆ ‘ಬುಧವಾರ’ ಎಂದು ಹೇಳಿಸಿಕೊಂಡು ಕಳುಹಿಸುತ್ತೇನೆ. ಜನ ಸಾಲುಗಟ್ಟಿದ ದಿನ ಇದೆಲ್ಲ ನಡೆಯುತ್ತದೆಯೇ ಎಂದು ಕೇಳಬೇಡಿ.


ಉತ್ತರ 2: ಉಪ್ಪಳದಿಂದ

ಉದ್ದೇಶ ಒಳ್ಳೆಯದು, ಆದರೆ ಗುಳಿಗೆಯ ಪಟ್ಟಿಯ ಬೆನ್ನಿನಲ್ಲಿ ಜಾಗವೆಲ್ಲಿದೆ? ಕಾಸರಗೋಡಿಗಾಗಿ ಕನ್ನಡ, ಪಾಲಕ್ಕಾಡಿಗಾಗಿ ತಮಿಳು ಎಂದು ಹೊರಟರೆ ಯಾವ ಕಂಪೆನಿಯೂ ಒಪ್ಪಲಾರದು. ಈಗ ಮುನ್ನೂರು ಬ್ರಾಂಡುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಫೋನು ಹಿಡಿದರೆ ಬೇಕಾದ ಭಾಷೆಯಲ್ಲಿ ವಿವರ ಬರುವಂತೆ ಮಾಡಿದರೆ ಸಾಲದೇ?


ಉತ್ತರ 3: ಬದಿಯಡ್ಕದ ಮದ್ದಿನಂಗಡಿ

ಉಪ್ಪಳದವರ ಮಾತಿನಲ್ಲಿ ಜಾಗದ ಪ್ರಶ್ನೆ ನಿಜವಾದದ್ದು. ಕ್ಯೂಆರ್ ಕೋಡಿನದು ಹಾಗಲ್ಲ. 2023ರ ಆಗಸ್ಟ್ 1ರಿಂದ ಜಾರಿಗೆ ಬಂದ ಆ ನಿಯಮದ ಪ್ರಕಾರ ಕೋಡಿನಲ್ಲಿ ಇರಬೇಕಾದದ್ದು ಗುರುತಿನ ಸಂಖ್ಯೆ, ಔಷಧದ ಮೂಲ ಹೆಸರು, ಬ್ರಾಂಡಿನ ಹೆಸರು, ತಯಾರಕರ ಹೆಸರು ವಿಳಾಸ, ಬ್ಯಾಚು, ತಯಾರಾದ ದಿನ, ಅವಧಿ ಮುಗಿಯುವ ದಿನ ಮತ್ತು ಪರವಾನಗಿಯ ಸಂಖ್ಯೆ. ನಕಲಿ ಮದ್ದನ್ನು ಹಿಡಿಯಲು ಅದು ಬೇಕು. ಯಾವಾಗ ನುಂಗಬೇಕೆಂಬುದು ಅದರಲ್ಲಿಲ್ಲ, ಇರಲು ಸಾಧ್ಯವೂ ಇಲ್ಲ, ಏಕೆಂದರೆ ಅದನ್ನು ತೀರ್ಮಾನಿಸುವುದು ರೋಗಿಯನ್ನು ಕಂಡ ವೈದ್ಯರು. ಮೇಲಾಗಿ, ಪೆರ್ಲದ ಅಜ್ಜಿ ಫೋನು ಹಿಡಿದು ಕೋಡು ನೋಡುವುದೆಂದರೆ, ಮೊಮ್ಮಗಳು ಮನೆಯಲ್ಲಿದ್ದ ದಿನ ಮಾತ್ರ.


ಉತ್ತರ 4: ಎಣ್ಮಕಜೆಯ ತೋಟದವ

ನಾನು ಔಷಧ ಶಾಸ್ತ್ರ ಓದಿದವನಲ್ಲ, ಅಡಕೆ ತೋಟವುಳ್ಳವನು. ಆದರೆ ಈ ಚರ್ಚೆಯಲ್ಲಿ ಇನ್ನೂ ಯಾರೂ ಮುಟ್ಟದ ಒಂದು ಸಂಗತಿಯನ್ನು ಹೇಳಬೇಕೆನಿಸಿತು.

ಜಾಗವಿಲ್ಲ, ಭಾಷೆಗಳು ಹೆಚ್ಚಾದವು ಎಂಬ ಮಾತನ್ನು ನಮ್ಮ ದೇಶದ ಕಾನೂನೇ ಒಂದು ಕಡೆ ಒಪ್ಪಿಲ್ಲ, ಮತ್ತು ಆ ಕಡೆ ಯಾವುದೆಂದರೆ ಕೀಟನಾಶಕ. 1971ರ ಕೀಟನಾಶಕ ನಿಯಮಗಳಂತೆ ವಿಷದ ಡಬ್ಬಿಯ ಜೊತೆಗೆ ಇಡುವ ಮಡಿಕೆ ಹಾಳೆಯು ಹಿಂದಿ, ಇಂಗ್ಲಿಷ್ ಹಾಗೂ ಆ ಸರಕು ದಾಸ್ತಾನಾಗುವ, ಮಾರಾಟವಾಗುವ ಪ್ರದೇಶದಲ್ಲಿ ಬಳಕೆಯಲ್ಲಿರುವ ಒಂದೆರಡು ಪ್ರಾದೇಶಿಕ ಭಾಷೆಗಳಲ್ಲಿ ಅಚ್ಚಾಗಿರಬೇಕು. ‘ರಾಜ್ಯದ ಭಾಷೆ’ ಎಂದು ಅಲ್ಲಿ ಹೇಳಿಲ್ಲ, ‘ಪ್ರದೇಶದಲ್ಲಿ ಬಳಕೆಯಲ್ಲಿರುವ ಭಾಷೆ’ ಎಂದಿದೆ. ಗಡಿಯಲ್ಲಿರುವ ನಮಗೆ ಆ ಒಂದು ಪದದ ಬೆಲೆ ಗೊತ್ತು. ಇದರ ಮೇಲೆ ಡಬ್ಬಿಯ ಮೈಮೇಲೆ ಬಣ್ಣದ ತ್ರಿಕೋನ ಬೇರೆ ಇರಬೇಕು. ಅತ್ಯಂತ ಘೋರ ವಿಷಕ್ಕೆ ಕೆಂಪು, ಅದಕ್ಕಿಂತ ಕಡಿಮೆಯದಕ್ಕೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಆಹಾರದ ಪೊಟ್ಟಣಕ್ಕಾದರೆ 2020ರ ಲೇಬಲ್ ನಿಯಮ ಕೇಳುವುದು ಇಂಗ್ಲಿಷ್ ಅಥವಾ ದೇವನಾಗರಿಯ ಹಿಂದಿಯನ್ನು. ಬೇರೆ ಭಾಷೆ ಬೇಕಾದರೆ ಸೇರಿಸಬಹುದು, ಅಷ್ಟೇ. ಮನುಷ್ಯನ ಮದ್ದಿನ ಪಟ್ಟಿಗೆ ಪ್ರಾದೇಶಿಕ ಭಾಷೆಯ ಕಡ್ಡಾಯವೇ ಇಲ್ಲ. ಅಂದರೆ ನನ್ನ ತೋಟದ ಹುಳಕ್ಕೆ ಹೊಡೆಯುವ ವಿಷ ನನ್ನ ಭಾಷೆಯಲ್ಲಿ ಮಾತಾಡಬೇಕು, ನಾನು ನುಂಗುವ ಗುಳಿಗೆ ಮಾತಾಡಬೇಕಾಗಿಲ್ಲ. ತೀರ್ಪುಗಾರರ ಮುಂದೆ ಇದನ್ನಿಡಿ. ಇದು ಅಹವಾಲಲ್ಲ, ಒಂದೇ ದೇಶದ ಮೂರು ನಿಯಮಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು.

ಆದರೆ ಮುದ್ರಿಸಿದ ಮಾತ್ರಕ್ಕೆ ಮುಗಿಯಿತೆಂದು ನಂಬಬೇಡಿ. ಕಳೆದ ಮಳೆಗಾಲದ ಮೊದಲು ತಂದ ಒಂದು ಡಬ್ಬಿಯ ಮಡಿಕೆ ಹಾಳೆಯನ್ನು ಬಿಡಿಸಿದರೆ ಅದು ಲುಂಗಿಯ ಅಗಲಕ್ಕಿತ್ತು. ಒಂದು ಮೂಲೆಯಲ್ಲಿ ಕನ್ನಡವೂ ಇತ್ತು, ಆದರೆ ಅಕ್ಷರಗಳು ಸಾಸಿವೆಗಿಂತ ಸಣ್ಣವು. ಪಂಚಾಂಗ ಓದಲು ಇಟ್ಟುಕೊಂಡ ಭೂತಗನ್ನಡಿಯನ್ನು ತರಿಸಿ ಓದಿದೆ. ನೀರಿಗೆ ಬೆರೆಸುವ ಪ್ರಮಾಣವನ್ನು ಹುಡುಕಲು ಹಿಡಿದ ಹೊತ್ತಿನಲ್ಲಿ ಸಿಂಪಡಿಸುವವನು ಪಂಪನ್ನು ತುಂಬಿಸಿಯೂ ಆಗಿತ್ತು.

ಇನ್ನೊಂದು ಮಾತನ್ನು ನಮ್ಮ ಪಂಚಾಯತಿನವನಾಗಿ ಹೇಳದಿರಲಾರೆ. ಅದೇ ನಿಯಮಗಳಲ್ಲಿ, ಆಕಾಶದಿಂದ ಸಿಂಪಡಿಸುವುದಾದರೆ ಕನಿಷ್ಠ 24 ಗಂಟೆ ಮೊದಲು ಸಾರ್ವಜನಿಕರಿಗೆ ತಿಳಿಸಬೇಕೆಂದಿದೆ. ಇಲ್ಲಿನ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಸುಪ್ರೀಂ ಕೋರ್ಟಿನ ದೇಶವ್ಯಾಪಿ ತಡೆಯಾಜ್ಞೆ ಬಂದದ್ದು 2011ರ ಮೇ 13ರಂದು. ತಿಳಿಸಬೇಕೆಂದು ಬರೆದವರು, ತಿಳಿಯಿತೇ ಎಂದು ನೋಡುವ ಕೆಲಸವನ್ನು ಯಾರಿಗೂ ಒಪ್ಪಿಸಿರಲಿಲ್ಲ. ಮದ್ದಿನಂಗಡಿಯವರು ‘ತಲುಪಿತೇ’ ಎಂದು ಕೇಳಿದಾಗ ನನಗೆ ನೆನಪಾದದ್ದು ಅದು.


ಉತ್ತರ 5: ನಿವೃತ್ತ ದಾದಿ, ಕುಂಬಳೆ

ಭಾಷೆಯಿಲ್ಲದೆಯೂ ತಲುಪಿದ ಒಂದು ಗುರುತನ್ನು ನಾನು ಸೇವೆಯ ಉದ್ದಕ್ಕೂ ಕೈಯಲ್ಲಿ ಹಿಡಿದಿದ್ದೇನೆ, ಅದು ಪೋಲಿಯೋ ಹನಿಯ ಬಾಟಲಿಯದು. ಬಾಟಲಿಯ ಚೀಟಿಯ ಮೇಲೆ ಒಂದು ನೇರಳೆ ವೃತ್ತ, ಅದರೊಳಗೆ ಬಿಳಿಯ ಚೌಕ. ಶಾಖ ತಗಲಿದಷ್ಟೂ ಚೌಕ ಕಪ್ಪೇರುತ್ತದೆ. ಚೌಕದ ಬಣ್ಣ ವೃತ್ತದ ಬಣ್ಣಕ್ಕೆ ಸಮವಾದರೆ ಅಥವಾ ಅದನ್ನು ಮೀರಿದರೆ ಬಾಟಲಿಯನ್ನು ಬಿಸಾಡಬೇಕು. ಪೋಲಿಯೋ ಹನಿಯ ಬಾಟಲಿಗೆ ಇದು ಬಂದದ್ದು 1996ರಲ್ಲಿ. ಅದಕ್ಕೆ ಮೊದಲು ಐಸು ಕರಗಿದ ಡಬ್ಬವನ್ನು ಕಂಡರೆ ಮದ್ದು ಚೆನ್ನಾಗಿದೆಯೋ ಕೆಟ್ಟಿದೆಯೋ ತಿಳಿಯದೆ ಎಲ್ಲವನ್ನೂ ಚೆಲ್ಲುವುದು, ಇಲ್ಲವೇ ಎಲ್ಲವನ್ನೂ ಹಾಕುವುದು, ಎರಡೇ ದಾರಿಯಿತ್ತು. ನಾಲ್ಕನೆಯ ತರಗತಿ ಓದಿದ ಸ್ವಯಂಸೇವಕಿಗೂ ಅದನ್ನು ಐದು ನಿಮಿಷದಲ್ಲಿ ಕಲಿಸಿದ್ದೇನೆ. ವೈದ್ಯಾಧಿಕಾರಿಗಳ ಮಾತಿಗಿಂತ ಆ ಚೌಕದ ಮಾತನ್ನು ಅವರು ಹೆಚ್ಚು ನಂಬುತ್ತಿದ್ದರು ಎನ್ನುವುದು ಬೇರೆ ವಿಷಯ.

ನಿಮ್ಮ ತಂಡದಲ್ಲಿ ಆಹಾರದ ವಿಷಯ ಬೇಕೆನ್ನುವವರಿಗೆ ಇದರಿಂದ ಒಂದು ದಾರಿ ಸಿಕ್ಕೀತು. 2022ರ ಮೇ ತಿಂಗಳ ಆರಂಭದಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಒಬ್ಬ ಹುಡುಗಿ ತೀರಿಕೊಂಡಳು, ಹಲವರು ಆಸ್ಪತ್ರೆ ಸೇರಿದರು, ಶಿಗೆಲ್ಲಾ ರೋಗಾಣು ಪತ್ತೆಯಾಯಿತು. ಆಮೇಲೆ ಕೇರಳದಲ್ಲಿ ಶವರ್ಮಾಕ್ಕೆ ಪ್ರತ್ಯೇಕ ಮಾರ್ಗಸೂಚಿ ಬಂತು; 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮಯೊನೈಸ್ ನಿಷೇಧವಾಯಿತು, ಮತ್ತು ಹೋಟೆಲಿನ ಪಾರ್ಸೆಲ್ಲಿನ ಮೇಲೆ ತಯಾರಿಸಿದ ಹೊತ್ತನ್ನೂ ಎಷ್ಟು ಹೊತ್ತಿನೊಳಗೆ ತಿನ್ನಬೇಕೆಂಬುದನ್ನೂ ತಿಳಿಸುವ ಚೀಟಿ ಕಡ್ಡಾಯವಾಯಿತು. ನಿಯಮ ಸರಿಯಾದದ್ದು. ಆದರೆ ಪೇಟೆಯಲ್ಲಿ ಸಂಜೆ ಪಾರ್ಸೆಲ್ ಕಟ್ಟುವ ಹುಡುಗ ಅಸ್ಸಾಮಿನವನೋ ಬಂಗಾಳದವನೋ ಆಗಿರುತ್ತಾನೆ, ಕೊಳ್ಳುವವನು ಬ್ಯಾರಿಯೋ ತುಳುವನೋ ಕನ್ನಡಿಗನೋ ಆಗಿರುತ್ತಾನೆ, ಚೀಟಿಯ ಭಾಷೆ ಮಲಯಾಳ ಅಥವಾ ಇಂಗ್ಲಿಷ್. ಎಣ್ಣೆ ಹತ್ತಿದ ಕೈಯಲ್ಲಿ ಪೆನ್ನು ಹಿಡಿದು ಹೊತ್ತನ್ನು ಬರೆಯುವುದು ಆ ಹುಡುಗನ ಪಾಲಿಗೆ ಬೇರೆಯೇ ಕೆಲಸ.

ಬಣ್ಣ ಬದಲಿಸುವ ಚೀಟಿ ದುಬಾರಿಯಾದೀತು. ನನಗೆ ಹೊಳೆಯುವುದು ಹಿಂದಿನ ಖಾಸಗಿ ಬಸ್ಸಿನ ಟಿಕೇಟು. ಅದರಲ್ಲಿ ಅಂಕಿಗಳು ಮೊದಲೇ ಅಚ್ಚಾಗಿರುತ್ತಿದ್ದವು, ಕಂಡಕ್ಟರ್ ಬೇಕಾದ ಅಂಕಿಯ ಹತ್ತಿರ ಉಗುರಿನಿಂದ ಸೀಳಿ ಕೊಡುತ್ತಿದ್ದ. ನೂಕುನುಗ್ಗಲಿನಲ್ಲಿ ಒಂಟಿಕಾಲಿನಲ್ಲಿ ನಿಂತು ಆ ಕೆಲಸ ಮಾಡಲಾಗುತ್ತಿತ್ತು. ಗಡಿಯಾರದ ಮುಖವನ್ನು ಅಚ್ಚು ಹಾಕಿದ ಚೀಟಿಯೊಂದನ್ನು ಮಾಡಿ, ‘ಇಷ್ಟರೊಳಗೆ ತಿನ್ನಿ’ ಎಂಬ ಗಂಟೆಯ ಹತ್ತಿರ ಸೀಳಿ ಅಂಟಿಸಿದರೆ ಯಾವ ಭಾಷೆಯೂ ಬೇಡ, ಪೆನ್ನೂ ಬೇಡ. ಮಾಡಿ ನೋಡಿದರೆ ಇದಕ್ಕಿಂತ ಒಳ್ಳೆಯದು ನಿಮಗೇ ತೋಚಬಹುದು.


ಉತ್ತರ 6: ನಿಯಂತ್ರಣ ವ್ಯವಹಾರದಲ್ಲಿ ಉದ್ಯೋಗಿ, ಊರು ಮುಳ್ಳೇರಿಯ

ಔಷಧ ಕಂಪೆನಿಯೊಂದರಲ್ಲಿ ಪರವಾನಗಿಯ ಕಡತಗಳನ್ನು ಸಿದ್ಧಪಡಿಸುವುದು ನನ್ನ ಉದ್ಯೋಗ. ತೀರ್ಪುಗಾರರ ಕುರ್ಚಿಯಲ್ಲಿ ಕುಳಿತವರು ಏನು ಕೇಳಬಹುದೆಂದು ಅಂದಾಜಿನಿಂದ ಹೇಳುತ್ತೇನೆ.

ಮೊದಲನೆಯದಾಗಿ, ಲೇಬಲಿನ ಪದ ಸಣ್ಣ ವಿಷಯ ಎಂದವರಿಗೆ 1937ರ ಅಮೆರಿಕದ ಪ್ರಸಂಗವನ್ನು ಹೇಳಿ. ಸಲ್ಫನಿಲಮೈಡ್ ಎಂಬ ಮದ್ದನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ದ್ರವದಲ್ಲಿ ಕರಗಿಸಿ ಮಾರಿದ್ದರಿಂದ ನೂರಕ್ಕೂ ಹೆಚ್ಚು ಮಂದಿ, ಅವರಲ್ಲಿ ಅನೇಕರು ಮಕ್ಕಳು, ಸತ್ತರು. ಅಂದಿನ ಕಾನೂನಿನಲ್ಲಿ ವಿಷಕಾರಿ ಮದ್ದನ್ನು ಮಾರುವುದನ್ನು ತಡೆಯುವ ಅಧಿಕಾರ ಎಫ್‌ಡಿಎಗೆ ಇರಲಿಲ್ಲ. ಬಾಟಲಿಯ ಮೇಲೆ ‘ಎಲಿಕ್ಸಿರ್’ ಎಂದಿತ್ತು, ಎಲಿಕ್ಸಿರ್ ಎಂದರೆ ಮದ್ಯಸಾರ ಇರಬೇಕು, ಇದರಲ್ಲಿಲ್ಲ, ಆದ್ದರಿಂದ ಲೇಬಲು ಸುಳ್ಳು ಎಂಬ ಒಂದೇ ಕಾರಣದಿಂದ ಅವರು ಸರಕನ್ನು ಮುಟ್ಟುಗೋಲು ಹಾಕಿದರು. ‘ದ್ರಾವಣ’ ಎಂದು ಬರೆದಿದ್ದರೆ ಆ ಆಧಾರವೂ ಇರುತ್ತಿರಲಿಲ್ಲ. ಮಾರುವ ಮೊದಲು ಸುರಕ್ಷತೆಯನ್ನು ತೋರಿಸಬೇಕೆಂಬ ಕಾನೂನು ಮರುವರ್ಷ, 1938ರಲ್ಲಿ ಬಂತು. ಅದೇ ಗ್ಲೈಕಾಲ್ 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದ ಮಕ್ಕಳ ಕೆಮ್ಮಿನ ಸಿರಪ್ಪಿನಲ್ಲಿ ಮತ್ತೆ ಕಾಣಿಸಿತೆಂಬುದನ್ನು ನೆನೆದರೆ ನನ್ನ ಕಸುಬಿನ ಬಗ್ಗೆ ನನಗೇ ನಾಚಿಕೆಯಾಗುತ್ತದೆ.

ಎರಡನೆಯದು, ಅಳತೆ. ‘ಜನರಿಗೆ ಅರ್ಥವಾಗುವುದಿಲ್ಲ’ ಎಂದರೆ ಅದು ಅಭಿಪ್ರಾಯ. ಯುರೋಪಿನ ಒಕ್ಕೂಟದಲ್ಲಿ ಔಷಧದ ಜೊತೆಗಿನ ಮಾಹಿತಿ ಹಾಳೆಯನ್ನು ಬಳಕೆದಾರರ ಮೇಲೆ ಪರೀಕ್ಷಿಸಿಯೇ ಅನುಮತಿ ಪಡೆಯಬೇಕು. ಅದರ ವಿಧಾನ ಸರಳ. ಹತ್ತು ಮಂದಿಯಂತೆ ಎರಡು ಸುತ್ತು, ಒಟ್ಟು ಇಪ್ಪತ್ತು ಮಂದಿ. ಹಾಳೆಯನ್ನು ಕೈಗೆ ಕೊಟ್ಟು, ‘ಒಂದು ಹೊತ್ತಿನ ಗುಳಿಗೆ ಮರೆತರೆ ಏನು ಮಾಡುತ್ತೀರಿ’ ಎಂಬಂತಹ ಪ್ರಶ್ನೆಗಳನ್ನು ಕೇಳಬೇಕು. ಶೇಕಡ 90 ಮಂದಿ ಉತ್ತರವಿರುವ ಜಾಗವನ್ನು ಹುಡುಕಬೇಕು, ಹುಡುಕಿದವರಲ್ಲಿ ಶೇಕಡ 90 ಮಂದಿ ಅದನ್ನು ತಮ್ಮ ಮಾತಿನಲ್ಲಿ ಸರಿಯಾಗಿ ಹೇಳಬೇಕು. ಲೆಕ್ಕಕ್ಕೆ ಇಳಿಸಿದರೆ ಪ್ರತಿ ಪ್ರಶ್ನೆಗೆ ಇಪ್ಪತ್ತರಲ್ಲಿ ಹದಿನಾರು ಸರಿಯುತ್ತರ. ಇಪ್ಪತ್ತು ಮಂದಿಯನ್ನು ಪೆರ್ಲದಲ್ಲಿ ಹುಡುಕಲು ವಿಶ್ವವಿದ್ಯಾಲಯದ ಅನುದಾನ ಬೇಕಾಗಿಲ್ಲ. ನಿಮ್ಮ ಯೋಚನೆ ಇದೇ ಆಗಲಿ: ಬಹುಭಾಷಾ ಗಡಿಪ್ರದೇಶಕ್ಕೆ ತಕ್ಕ ಮದ್ದಿನ ಲಕೋಟೆ, ಮತ್ತು ಅದನ್ನು ಈ ವಿಧಾನದಿಂದ ಪರೀಕ್ಷಿಸುವ ಕ್ರಮ.

ಯಾವ ನಿಯಮವನ್ನು ಯಾರು ಬದಲಿಸಬೇಕೆಂಬುದನ್ನೂ ಸ್ಪಷ್ಟವಾಗಿ ಬರೆಯಿರಿ, ಏಕೆಂದರೆ ವಿದ್ಯಾರ್ಥಿಗಳ ಟಿಪ್ಪಣಿಗಳು ಹೆಚ್ಚಾಗಿ ಎಡವುವುದು ಇಲ್ಲಿ. ಪಟ್ಟಿಯ ಮೇಲಿನ ಅಚ್ಚು ಕೇಂದ್ರದ ಔಷಧ ನಿಯಮಗಳಿಗೆ ಸೇರಿದ್ದು. ಅದನ್ನು ಮುಟ್ಟಲು ದೆಹಲಿಗೆ ಹೋಗಬೇಕು, ಉಪ್ಪಳದವರು ಹೇಳಿದ ಜಾಗದ ತಕರಾರೂ ಎದುರಾಗುತ್ತದೆ. ಲಕೋಟೆ ಹಾಗಲ್ಲ. ರೋಗಿಗೆ ಮದ್ದಿನ ಬಳಕೆಯನ್ನು ತಿಳಿಹೇಳುವುದು ಔಷಧಿಕಾರನ ಕೆಲಸವೆಂದು ಭಾರತೀಯ ಫಾರ್ಮಸಿ ಪರಿಷತ್ತಿನ 2015ರ ವೃತ್ತಿ ನಿಯಮಾವಳಿಯೇ ಹೇಳುತ್ತದೆ. ಆ ಕೆಲಸಕ್ಕೆ ಒಂದು ಸಾಧನವನ್ನು ಕೊಡುತ್ತೇವೆ ಎಂದರೆ ಹೊಸ ಕಾನೂನಿನ ಅಗತ್ಯವೇ ಬೀಳುವುದಿಲ್ಲ.

ಪೂರಕವಾಗಿ ಒಂದು. ಮದ್ದಿನ ಅಡ್ಡಪರಿಣಾಮವನ್ನು ರೋಗಿಯೇ ನೇರವಾಗಿ ವರದಿ ಮಾಡುವ ನಮೂನೆಯನ್ನು ಘಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಕನ್ನಡದಲ್ಲೂ ಹೊರತಂದಿದೆ. ಶುಲ್ಕವಿಲ್ಲದ ದೂರವಾಣಿ 1800-180-3024. ಕನ್ನಡದಲ್ಲಿ ಇರುವುದೂ ಕನ್ನಡಿಗರ ಕೈಗೆ ಸಿಗುವುದೂ ಬೇರೆ ಬೇರೆ. ನಿಮ್ಮ ಲಕೋಟೆಯ ಹಿಂಬದಿಯಲ್ಲಿ ಆ ಸಂಖ್ಯೆಗೆ ಜಾಗ ಬಿಡಿ.

ಮನುಷ್ಯರನ್ನು ಪ್ರಶ್ನಿಸುವ ಕೆಲಸವಾದ್ದರಿಂದ ಕಾಲೇಜಿನ ನೈತಿಕ ಸಮಿತಿಯ ಅನುಮತಿಯನ್ನು ಮೊದಲೇ ಕೇಳಿ. ಒಪ್ಪಿಗೆಪತ್ರ ಕನ್ನಡದಲ್ಲಿರಲಿ. ಭಾಷೆಯ ಬಗ್ಗೆ ಅಧ್ಯಯನ ಮಾಡುವವರು ಇಂಗ್ಲಿಷ್ ಒಪ್ಪಿಗೆಪತ್ರಕ್ಕೆ ಹೆಬ್ಬೆಟ್ಟು ಹಾಕಿಸಿಕೊಂಡರೆ ಚೆನ್ನಾಗಿರದು.


ಉತ್ತರ 7: ಪೆರ್ಲದ ವಿದ್ಯಾರ್ಥಿನಿ

ಎಲ್ಲರಿಗೂ ಕೃತಜ್ಞತೆಗಳು. ತೋಟದವರು ಹೇಳಿದ ಮೂರು ನಿಯಮಗಳ ಹೋಲಿಕೆಯನ್ನು ತಂಡದವರಿಗೆ ಓದಿ ಹೇಳಿದೆ. ತಂತ್ರಾಂಶ ಬೇಕೆಂದವರು ಅಲ್ಲಿಗೇ ಸುಮ್ಮನಾದರು. ಬಸ್ ಟಿಕೇಟಿನ ಚೀಟಿಯನ್ನು ಎಣ್ಣೆಯ ವಿಷಯ ಹಿಡಿದವರು ಬೇರೆ ತಂಡಕ್ಕೆ ಕೊಂಡೊಯ್ಯುತ್ತೇನೆಂದು ಹಟ ಹಿಡಿದಿದ್ದಾರೆ. ಅದು ದಾದಿಯವರ ಯೋಚನೆಯೆಂದು ಟಿಪ್ಪಣಿಯಲ್ಲಿ ಬರೆಯಬೇಕೆಂಬ ಷರತ್ತಿನ ಮೇಲೆ ಒಪ್ಪಿದ್ದೇನೆ.

ನೈತಿಕ ಸಮಿತಿಗೆ ಅರ್ಜಿ ಕೊಟ್ಟಾಗಿದೆ. ಅಷ್ಟರಲ್ಲಿ ಲಕೋಟೆಯ ಚಿತ್ರಗಳನ್ನು ಸರಿಪಡಿಸಿಕೊಳ್ಳಲೆಂದು ಭಾನುವಾರ ಮನೆಯವರಿಗೆ ಮಾತ್ರ ತೋರಿಸಿದೆ. ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆಳಗ್ಗೆಗೆ ಗುಡ್ಡದ ಮೇಲೆ ಅರ್ಧ ಸೂರ್ಯನನ್ನು ಬರೆದಿದ್ದೆ. ಚಿಕ್ಕಪ್ಪ ಅದನ್ನು ನೋಡಿ ‘ಸಂಜೆ’ ಎಂದರು. ಮುಳುಗುವ ಸೂರ್ಯನೂ ಅರ್ಧವೇ ಎಂಬುದು ನನಗೆ ಹೊಳೆದಿರಲಿಲ್ಲ. ಸೂರ್ಯನ ಪಕ್ಕದಲ್ಲಿ ಕೂಗುವ ಹುಂಜವನ್ನು ಸೇರಿಸಿದೆ. ಅಜ್ಜಿ ತುಂಬ ಹೊತ್ತು ನೋಡಿ, ಈ ಮದ್ದು ತಿನ್ನುವಾಗ ಕೋಳಿ ತಿನ್ನಬಾರದೋ ಎಂದು ಕೇಳಿದರು. ಪಥ್ಯದ ಪ್ರಶ್ನೆ ಅವರ ಮನಸ್ಸಿನಲ್ಲಿ ಮೊದಲೇ ಇತ್ತು, ಮದ್ದಿನಂಗಡಿಯವರು ಹಸಿರು ಚುಕ್ಕೆಯ ಬಗ್ಗೆ ಹೇಳಿದ್ದು ಇದನ್ನೇ ಇರಬೇಕು.

‘ಊಟಕ್ಕೆ ಮೊದಲು’ ಎಂಬ ಪದವೂ ಕೈಕೊಟ್ಟಿತು. ನಮ್ಮಲ್ಲಿ ಊಟವೆಂದರೆ ಮಧ್ಯಾಹ್ನದ ಅನ್ನ. ಬೆಳಗ್ಗಿನದು ಕಾಪಿ ಅಥವಾ ಚಾ ತಿಂಡಿ. ಹಾಗಾಗಿ ಎಂಟು ಗಂಟೆಗೆ ದೋಸೆ ತಿಂದು, ಹನ್ನೆರಡಕ್ಕೆ ಗುಳಿಗೆ ನುಂಗಿ, ಆಮೇಲೆ ಉಂಡರೆ ಸೂಚನೆಯನ್ನು ಅಕ್ಷರಶಃ ಪಾಲಿಸಿದಂತೆಯೇ. ‘ಖಾಲಿ ಹೊಟ್ಟೆ’ ಎಂದು ತಿದ್ದಿದರೆ, ಹಾಲು ಹಾಕಿದ ಚಾ ಕುಡಿದರೂ ಹೊಟ್ಟೆ ಖಾಲಿಯೇ ಎಂದು ಮನೆಯಲ್ಲಿ ಮೂವರು ಒಮ್ಮತದಿಂದ ಹೇಳಿದರು. ಈಗ ಬರೆದಿರುವುದು: ‘ಬೆಳಗ್ಗೆ ಎದ್ದ ಕೂಡಲೇ, ಬರೀ ನೀರಿನಲ್ಲಿ. ಚಾ ಅರ್ಧ ಗಂಟೆ ಬಿಟ್ಟು.’

ಅನುಮತಿ ಬಂದ ಮೇಲೆ ಮೊದಲ ಸುತ್ತಿಗೆ ಹತ್ತು ಮಂದಿ ಬೇಕು. ಅರುವತ್ತು ದಾಟಿದವರು, ದಿನವೂ ಮದ್ದು ನುಂಗುವವರು, ಕನ್ನಡ ಓದಬಲ್ಲವರು ಮತ್ತು ಓದಲಾರದವರು, ಇಬ್ಬರೂ ಬೇಕು. ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಕಡೆ ಅಂಥವರಿದ್ದು, ಒಂದು ಗಂಟೆ ಕೂತು ಮಾತಾಡುವ ವ್ಯವಧಾನವಿದ್ದರೆ ಇಲ್ಲಿಯೇ ತಿಳಿಸಿ. ಸಂಜೆಗಿಂತ ಬೆಳಗ್ಗೆ ಬಂದರೆ ಒಳ್ಳೆಯದು ಎಂದು ಅಜ್ಜಿಯ ಸಲಹೆ. ಹುಂಜವನ್ನು ತೆಗೆದಿದ್ದೇನೆ.